ಬೆಲೆ ಏರಿಸಿ, ಹೊಗೆ ಇಳಿಸಿ

ಔಷಧ ಕಂಪನಿಗಳ ವಾರ್ಷಿಕ ವರದಿ ಓದುವ ಚಟ ನಿಮಗಿದ್ದರೆ ಒಂದು ಸಂಖ್ಯೆ ಪದೇ ಪದೇ ಕಣ್ಣಿಗೆ ಬಿದ್ದಿರುತ್ತದೆ. 42. ಅಂದರೆ 2020ಕ್ಕೆ ಹೋಲಿಸಿ 2030ರೊಳಗೆ ಶೇ 42ರಷ್ಟು ಇಂಗಾಲ ಕಡಿತ. ಈ ಕಂಪನಿಯಲ್ಲೂ ಅದೇ, ಆ ಕಂಪನಿಯಲ್ಲೂ ಅದೇ. ಎಲ್ಲರ ಬಾಯ್ಲರೂ ಮಾತಾಡಿಕೊಂಡು ಹೊಗೆ ಬಿಡುತ್ತವಾ ಅಂತ ಗಾಬರಿಯಾಗಬೇಡಿ. ಭೂಮಿಯ ಬಿಸಿ 1.5 ಡಿಗ್ರಿ ದಾಟಬಾರದು ಎಂದರೆ ಕಂಪನಿ ತನ್ನ ಸ್ವಂತ ಹೊಗೆಯನ್ನು, ಕೊಂಡ ಕರೆಂಟಿನದ್ದನ್ನೂ ಸೇರಿಸಿ, ವರ್ಷಕ್ಕೆ ಶೇ 4.2ರಂತೆ ಇಳಿಸಬೇಕು ಎಂದು ಎಸ್‌ಬಿಟಿಐ ಎಂಬ ಸಂಸ್ಥೆ ಹೇಳಿದೆ. ಪೂರ್ತಿ ಹೆಸರು ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್, ಹುಟ್ಟಿದ್ದು 2015ರಲ್ಲಿ. 4.2ನ್ನು ಹತ್ತರಿಂದ ಗುಣಿಸಿದರೆ 42. ವಿಜ್ಞಾನದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತದೆ.

ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಹೆಸರಿಟ್ಟರೆ ಯಾರೋ ಒಬ್ಬರು ಮೈಮೇಲೆ ಎಳೆದುಕೊಳ್ಳುತ್ತಾರೆ. ಗುರಿ ಇಡುವ ಸಭೆ ನಡೆಯುತ್ತಿದೆ. ಮೊದಲ ಪ್ರಶ್ನೆ, ಯಾವ ವರ್ಷದಿಂದ ಎಣಿಸುವುದು? ಜನರೇಟರ್ ಹಗಲೂ ರಾತ್ರಿ ಓಡಿದ, ಬಾಯ್ಲರ್ ಎರಡು ಸಲ ಕೆಟ್ಟ ವರ್ಷ ಒಂದಿತ್ತಲ್ಲ, ಅದೇ ಇರಲಿ ಎನ್ನುತ್ತಾರೆ ಯಾರೋ. ಆಧಾರ ವರ್ಷ ಮಾಮೂಲಿ ವರ್ಷವಾಗಿರಬೇಕು ಎಂದು ನಿಯಮವಿದೆ. ಅದು ಮಾಮೂಲಿಯೋ ಅಲ್ಲವೋ ಎಂದು ಮೊದಲು ಹೇಳಬೇಕಾದವರು ಕಂಪನಿಯವರೇ. ಅವರು ಹೇಳುತ್ತಾರೆ: ನಮ್ಮಲ್ಲಿ ಬಾಯ್ಲರ್ ಕೆಡುವುದು ಮಾಮೂಲಿ.

ಆಮೇಲೆ ಸ್ಕೋಪ್‌ಗಳು. ಸ್ಕೋಪ್ 1 ಅಂದರೆ ನಮ್ಮದೇ ಚಿಮಣಿಯ ಹೊಗೆ. ಸ್ಕೋಪ್ 2 ನಾವು ಕೊಂಡ ಕರೆಂಟಿನದ್ದು. ಕರೆಂಟಿಗೆ ಸುಲಭದ ದಾರಿ ಇದೆ. ಎಲ್ಲೋ ಗಾಳಿಯಂತ್ರ ತಿರುಗುತ್ತಿದೆ ಎಂಬ ಪ್ರಮಾಣಪತ್ರ ಕೊಂಡರೆ ಸಾಕು, ಕಲ್ಲಿದ್ದಲಿನ ಕರೆಂಟೂ ಕಾಗದದ ಮೇಲೆ ಹಸಿರಾಗುತ್ತದೆ. ಹೀಗೆ ಕೊಂಡ ಲೆಕ್ಕ, ನಿಜವಾಗಿ ತಂತಿಯಲ್ಲಿ ಬಂದ ಲೆಕ್ಕ, ಎರಡನ್ನೂ ತೋರಿಸಬೇಕು ಎಂದು ಇಂಗಾಲದ ಲೆಕ್ಕಕ್ಕೆ ನಿಯಮ ಬರೆಯುವ ಗ್ರೀನ್‌ಹೌಸ್ ಗ್ಯಾಸ್ ಪ್ರೊಟೋಕಾಲ್‌ನ 2015ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಂಪನಿ ಎರಡನ್ನೂ ಪ್ರಾಮಾಣಿಕವಾಗಿ ತೋರಿಸುತ್ತದೆ. ಒಂದು ಮುಖಪುಟದಲ್ಲಿ. ಇನ್ನೊಂದು ಅನುಬಂಧದಲ್ಲಿ, ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯ ಅಕ್ಷರದಷ್ಟು ದಪ್ಪದಲ್ಲಿ.

ನಿಜವಾದ ರಸವೆಲ್ಲ ಸ್ಕೋಪ್ 3ರಲ್ಲಿದೆ. ನಮಗೆ ಕಚ್ಚಾ ಮಾಲು ಮಾಡಿಕೊಡುವವರ ಹೊಗೆ, ಸಾಗಣೆ, ಮಾರಿದ ಮೇಲೆ ಬಳಸುವಾಗ ಬರುವ ಅನಿಲ, ಹೀಗೆ ಒಟ್ಟು 15 ಬಗೆ. ಔಷಧ ಕಂಪನಿಗಳ ಇಂಗಾಲದಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಇಲ್ಲೇ. ಆದರೆ ಪಕ್ಕದವರ ಚಿಮಣಿಗೆ ಮೀಟರ್ ಹಾಕುವುದು ಹೇಗೆ? ಸರಿಯಾದ ಅಂಕಿ ಸಿಗದವರಿಗೆ ನಿಯಮದಲ್ಲೇ ಒಂದು ಉಪಾಯ ಇದೆ. ಎಷ್ಟು ಖರ್ಚು ಮಾಡಿದಿರಿ ನೋಡಿ, ಅದನ್ನು ಆ ಉದ್ಯಮದ ಸರಾಸರಿಯಿಂದ ಗುಣಿಸಿ. ಬಂದದ್ದೇ ನಿಮ್ಮ ಇಂಗಾಲ.

ಈ ಸೂತ್ರ ಕೇಳಿದ ಕೂಡಲೇ ಸಭೆಯಲ್ಲಿ ಎದ್ದು ಕೂತವರು ಪರ್ಚೇಸ್ ಮ್ಯಾನೇಜರ್. ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದರು.

‘ಅಂದ್ರೆ ಸರ್, ಮಾಲು ಅಷ್ಟೇ, ಡ್ರಮ್ಮೂ ಅಷ್ಟೇ. ನಾನು ಚೌಕಾಸಿ ಮಾಡಿ ರೇಟು ಶೇ 10 ಇಳಿಸಿದ್ರೆ?’

‘ಇಂಗಾಲವೂ ಶೇ 10 ಇಳಿಯಿತು.’

‘ಹಾಗಾದ್ರೆ ನಾನು ಇಷ್ಟು ವರ್ಷ ಪರಿಸರದ ಕೆಲಸಾನೇ ಮಾಡ್ತಾ ಇದ್ದೆ ಅಲ್ವಾ ಸರ್!’

ಹೌದು. ಸುಮ್ನೆ ಗೊತ್ತಿರಲಿಲ್ಲ ಅಷ್ಟೇ.

ಖರೀದಿಯವರು ಇಷ್ಟು ಮಿಂಚಿದ ಮೇಲೆ ಸೇಲ್ಸ್‌ನವರು ಸುಮ್ಮನಿರುತ್ತಾರಾ? ಅವರಿಗೂ ದಾರಿ ಇದೆ. ಸ್ಕೋಪ್ 3ಕ್ಕೆ ಒಟ್ಟು ಟನ್ನುಗಳ ಗುರಿಯ ಬದಲು ‘ತೀವ್ರತೆ’ಯ ಗುರಿ ಇಡಬಹುದು. ಗಳಿಸಿದ ಪ್ರತಿ ಮೌಲ್ಯಕ್ಕೆ ಎಷ್ಟು ಇಂಗಾಲ ಎಂಬ ಲೆಕ್ಕ ಅದು, ವರ್ಷಕ್ಕೆ ಶೇ 7ರಂತೆ ಇಳಿದರೆ ಆಯಿತು. ಮೌಲ್ಯ ಅಂದರೆ ಇಲ್ಲಿ ಹೆಚ್ಚುಕಡಿಮೆ ಒಟ್ಟು ಲಾಭವೇ. ಭಾಗಾಕಾರ ಗೊತ್ತಿದ್ದವರಿಗೆ ಉಳಿದದ್ದು ಹೇಳಬೇಕಿಲ್ಲ. ಮೇಲಿನ ಸಂಖ್ಯೆ ಇಳಿಸುವುದು ಕಷ್ಟ, ಅದಕ್ಕೆ ಪೈಪು, ವಾಲ್ವು, ಎಂಜಿನಿಯರ್ ಎಲ್ಲ ಬೇಕು. ಕೆಳಗಿನ ಸಂಖ್ಯೆ ಏರಿಸಲು ಒಂದು ಸುತ್ತೋಲೆ ಸಾಕು. ಮಾತ್ರೆಯ ಬೆಲೆ ಏರಿಸಿ. ರೋಗಿ ಜೇಬಿನಿಂದ ಜಾಸ್ತಿ ತೆತ್ತಷ್ಟೂ ಆ ಮಾತ್ರೆ ಹಸಿರಾಗುತ್ತಾ ಹೋಗುತ್ತದೆ. ಕೊಳ್ಳುವಾಗ ಅಗ್ಗಕ್ಕೆ ಕೊಂಡರೂ ಪುಣ್ಯ, ಮಾರುವಾಗ ದುಬಾರಿಗೆ ಮಾರಿದರೂ ಪುಣ್ಯ. ವ್ಯಾಪಾರಿಗೆ ಇಂಥ ಧರ್ಮ ಹಿಂದೆ ಯಾರೂ ಬೋಧಿಸಿರಲಿಲ್ಲ.

(ಇಷ್ಟು ಅನುಕೂಲ ಇದ್ದೂ ಈ ಉದ್ಯಮದ ಅಂಕಿ ಚೆನ್ನಾಗಿಲ್ಲ ಅನ್ನುವುದೇ ವಿಚಿತ್ರ. ಕೆಲವು ದೊಡ್ಡ ಕಂಪನಿಗಳ ಸ್ವಂತ ಹೊಗೆ ಮತ್ತು ಕರೆಂಟಿನ ಲೆಕ್ಕ ಹಿಡಿದು 2019ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಹತ್ತು ಲಕ್ಷ ಡಾಲರ್ ವಹಿವಾಟಿಗೆ ಔಷಧ ಉದ್ಯಮ ಸುಮಾರು 48.5 ಟನ್ ಬಿಡುತ್ತಿತ್ತು. ಕಾರು ಮಾಡುವವರು 31.4 ಟನ್. ಪಾಪ, ಬೆಲೆ ಸಾಕಷ್ಟು ಏರಿಸಿರಲಿಲ್ಲವೋ ಏನೋ.)

ಸಭೆಯ ಮೂಲೆಯಲ್ಲಿ ಪ್ಲಾಂಟಿನ ಎಂಜಿನಿಯರ್ ಕೂಡ ಇದ್ದರು. ಕರೆಯದಿದ್ದರೆ ಚೆನ್ನಾಗಿರಲ್ಲ ಅಂತ ಕರೆದಿದ್ದರು. ಅವರ ಬಳಿ ಬೇರೆಯೇ ಲೆಕ್ಕವಿತ್ತು. ಒಂದು ಕಿಲೋ ಔಷಧ ಮಾಡಲು ಎಷ್ಟು ಕಿಲೋ ಕಸ ಆಗುತ್ತದೆ ಎಂದು ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ 1992ರಲ್ಲೇ ಪಟ್ಟಿ ಕೊಟ್ಟಿದ್ದಾರೆ. 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ನಾವೆಲ್ಲ ಬೈಯುವ ತೈಲ ಶುದ್ಧೀಕರಣ ಘಟಕದಲ್ಲಿ ಒಂದು ಕಿಲೋಗೆ 100 ಗ್ರಾಂ ಕೂಡ ಇಲ್ಲ. ಔಷಧದ ಕಸದಲ್ಲಿ ದೊಡ್ಡ ಪಾಲು ಸಾಲ್ವೆಂಟ್, ಅಂದರೆ ಕರಗಿಸುವ ದ್ರವ. ರಿಯಾಕ್ಟರ್‌ನಲ್ಲಿ ಕರಗಿಸಲು ಒಂದಿಷ್ಟು, ತೊಳೆಯಲು ಒಂದಿಷ್ಟು, ಮುಂದಿನ ಬ್ಯಾಚ್‌ಗೆ ಮೊದಲು ಪಾತ್ರೆ ತೊಳೆಯಲು ಮತ್ತೊಂದಿಷ್ಟು. ಆಮೇಲೆ ಅದೆಲ್ಲ ಡ್ರಮ್ಮಿಗೆ ಹೋಗಿ, ಎಷ್ಟೋ ಕಡೆ ಸುಡುವ ಒಲೆಗೆ ಸೇರುತ್ತದೆ. ಅದೇ ಸಾಲ್ವೆಂಟನ್ನು ಬಟ್ಟಿ ಇಳಿಸಿ ಮತ್ತೆ ಬಳಸಬಹುದು.

‘ಸರ್, ರಿಕವರಿಗೆ ಒಂದು ಕಾಲಂ ಬೇಕು.’

‘ಎಕ್ಸೆಲ್‌ನಲ್ಲಿ ತಾನೇ? ಹಾಕ್ಕೊಳ್ಳಿ.’

ಅವರು ಬಿಡಲಿಲ್ಲ. ಕ್ಲೀನ್‌ರೂಮಿನ, ಅಂದರೆ ಧೂಳು ಸುಳಿಯದಂತೆ ಕಾಯುವ ಕೋಣೆಯ ವಿಷಯ ತೆಗೆದರು. ರಾತ್ರಿ ಎರಡು ಗಂಟೆ, ಒಳಗೆ ನರಪಿಳ್ಳೆ ಇಲ್ಲ, ಯಂತ್ರಗಳೆಲ್ಲ ಬಂದ್. ಆದರೂ ಗಂಟೆಗೆ 20 ಸಲ ಗಾಳಿ ಬದಲಾಗುತ್ತಲೇ ಇದೆ, ತಂಪಾಗಿಸಿ, ತೇವ ತೆಗೆದು, ಸೋಸಿ. ಪ್ಲಾಂಟಿನ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ತುಂಡು ಈ ಗಾಳಿಯದ್ದೇ. ರಾತ್ರಿ ಸ್ವಲ್ಪ ಇಳಿಸೋಣ ಎಂದರೆ ಕ್ವಾಲಿಟಿಯವರು ಕೇಳುವುದು ಒಂದೇ: ‘ಆಡಿಟ್‌ನಲ್ಲಿ ಕೇಳಿದ್ರೆ ಯಾರು ಉತ್ತರ ಕೊಡ್ತೀರಾ?’ ಇಳಿಸಬಾರದು ಎಂದು ಯಾವ ನಿಯಮದಲ್ಲಿದೆ ಎಂದು ಕೇಳಿದರೆ, ಎಷ್ಟೋ ಸಲ ಅದು ನಿಯಮದಲ್ಲಿ ಇಲ್ಲ, ಭಯದಲ್ಲಿದೆ. ಇಂಜೆಕ್ಷನ್‌ಗೆ ಬಳಸುವ ನೀರಿನದ್ದೂ ಇದೇ ಕಥೆ. ಯುರೋಪಿನ ಔಷಧ ಸಂಹಿತೆ ಮೊದಲು ಕುದಿಸಿ ಬಟ್ಟಿ ಇಳಿಸಿದ ನೀರನ್ನು ಮಾತ್ರ ಒಪ್ಪುತ್ತಿತ್ತು. 2017ರ ಏಪ್ರಿಲ್‌ನಿಂದ ಪೊರೆಯಲ್ಲಿ ಸೋಸಿ ತಯಾರಿಸಿದರೂ ಸರಿ ಎಂದಿತು. ನಮ್ಮ ಕಂಪನಿಯ ನೀರು ಇನ್ನೂ ಕುದಿಯುತ್ತಿದೆ. ಸುದ್ದಿ ತಲುಪಿಲ್ಲ ಅಂತಲ್ಲ. ಬದಲಿಸಿದರೆ ಮತ್ತೆ ವ್ಯಾಲಿಡೇಶನ್ ಮಾಡಬೇಕು, ಅಂದರೆ ಹೊಸ ವಿಧಾನ ಸರಿಯಾಗಿದೆ ಎಂದು ಸಾಬೀತು ಮಾಡಬೇಕು, ಮಾರುವ ಒಂದೊಂದು ದೇಶಕ್ಕೂ ಕಡತ ಕಳಿಸಿ ಒಪ್ಪಿಗೆ ಪಡೆಯಬೇಕು. ಇದು ಸುಳ್ಳು ನೆಪವಲ್ಲ, ನಿಜಕ್ಕೂ ವರ್ಷಗಟ್ಟಲೆ ಹಿಡಿಯುತ್ತದೆ. ಆದ್ದರಿಂದಲೇ ಅದನ್ನು ಇನ್ನೂ ಶುರು ಮಾಡಿಲ್ಲ.

ಇನ್‌ಹೇಲರ್ ಮಾಡುವವರ ಪಾಡು ಇನ್ನೂ ಬೇರೆ. ಒತ್ತಿದಾಗ ಔಷಧವನ್ನು ಹೊರಗೆ ತಳ್ಳುವ ಅನಿಲಗಳಲ್ಲಿ ಒಂದು ಎಚ್‌ಎಫ್‌ಎ-134ಎ, ಇದು ಇಂಗಾಲದ ಡೈಆಕ್ಸೈಡ್‌ಗಿಂತ 1,300 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. 227ಇಎ ಎಂಬ ಇನ್ನೊಂದು 3,000 ಪಟ್ಟಿಗೂ ಜಾಸ್ತಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಒಟ್ಟು ಇಂಗಾಲದಲ್ಲಿ ಸುಮಾರು ಶೇ 3 ಈ ಪುಟ್ಟ ಡಬ್ಬಿಗಳದ್ದೇ. ಇಲ್ಲಿ ಮಾತ್ರ ಕೆಲವರು ಅನಿಲವನ್ನೇ ಬದಲಿಸುವ ಕೆಲಸಕ್ಕೆ ಕೈ ಹಾಕಿದ್ದಾರೆ, ರೋಗಿಗಳ ಮೇಲೆ ಪ್ರಯೋಗ ನಡೆಸಿ, ಒಪ್ಪಿಗೆ ಪಡೆದು. ಲೆಕ್ಕದಲ್ಲಿ ಮುಚ್ಚಿಡಲು ಆಗದಷ್ಟು ದೊಡ್ಡದಾದರೆ ಇಂಗಾಲ ನಿಜವಾಗಿಯೂ ಇಳಿಯುತ್ತದೆ ಅನ್ನಿ. ನಮ್ಮ ಕಂಪನಿಗೆ ಆ ದುರದೃಷ್ಟ ಇಲ್ಲ, ಅದು ಬರೀ ಮಾತ್ರೆ, ಇಂಜೆಕ್ಷನ್ ಮಾಡುತ್ತದೆ. ಹಾಗಾಗಿ ಕ್ಯಾಂಟೀನಿನ ಕಾಗದದ ಲೋಟ ನಿಲ್ಲಿಸಿದೆ. ವರದಿಯಲ್ಲಿ ಲೋಟದ ಫೋಟೋ ಕೂಡ ಇದೆ.

ಸಭೆಯ ಕೊನೆಯ ನಿರ್ಣಯವೇ ಎಲ್ಲಕ್ಕಿಂತ ಸೊಗಸು. ಸ್ಕೋಪ್ 3ನ್ನು ಇಳಿಸುವ ಬದಲು, ನಮಗೆ ಮಾಲು ಕೊಡುವವರು ಐದು ವರ್ಷದೊಳಗೆ ತಾವೂ ಗುರಿ ಇಟ್ಟುಕೊಳ್ಳುವಂತೆ ಮಾಡುತ್ತೇವೆ ಎಂದು ಗುರಿ ಇಡಬಹುದು. ಇದನ್ನೂ ಎಸ್‌ಬಿಟಿಐ ಒಪ್ಪುತ್ತದೆ. ಗುರಿ ಇಡಿಸುವ ಗುರಿ. ಅವರೂ ತಮಗೆ ಮಾಲು ಕೊಡುವವರಿಂದ ಗುರಿ ಇಡಿಸುವ ಗುರಿ ಇಡುತ್ತಾರೆ, ಅವರು ತಮ್ಮವರಿಂದ. ಹೀಗೆ ಪ್ರಶ್ನಾವಳಿ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಸಣ್ಣದೊಂದು ಶೆಡ್ಡಿನಲ್ಲಿ ಸಾಲ್ವೆಂಟ್ ಮಾಡುವ ಒಬ್ಬರ ಮೇಜಿಗೆ ಬಂದು ಬೀಳುತ್ತದೆ. ಅವರಿಗೆ ಕೆಳಗೆ ಇನ್ಯಾರೂ ಇಲ್ಲ. ಇರುವುದು ಒಂದು ಹಳೇ ಬಾಯ್ಲರ್ ಮಾತ್ರ.

ಅವರು ಪ್ರಶ್ನಾವಳಿಯನ್ನು ಪೂರ್ತಿ ಓದಿ ಪರ್ಚೇಸ್ ಮ್ಯಾನೇಜರ್‌ಗೆ ಫೋನ್ ಮಾಡಿದರು.

‘ಸರ್, ಹೊಸ ಬಾಯ್ಲರ್ ಹಾಕಿಸ್ತೀನಿ, ಹೊಗೆ ನಿಜವಾಗಿ ಅರ್ಧ ಆಗುತ್ತೆ. ರೇಟಿನಲ್ಲಿ ಸ್ವಲ್ಪ ಜಾಸ್ತಿ ಮಾಡಿಕೊಡ್ತೀರಾ?’

‘ಅಯ್ಯೋ, ಎಲ್ಲಾದ್ರೂ ಉಂಟಾ! ನಿಮಗೆ ಜಾಸ್ತಿ ಕೊಟ್ರೆ ನಮ್ಮ ಇಂಗಾಲ ಏರುತ್ತಲ್ರೀ.’