ನಿಮಗೆ ಗೊತ್ತಾ, ಹಾಲು ಯಾಕೆ ಉಕ್ಕುತ್ತೆ?

ನಾನು ‘ನಿಮಗೊಂದು ವಿಷಯ ಗೊತ್ತಾ?’ ಅಂದರೆ ಸಾಕು, ಮನೆಯಲ್ಲಿ ಎಲ್ಲರಿಗೂ ಏನೋ ಒಂದು ಕೆಲಸ ನೆನಪಾಗುತ್ತದೆ. ಹೆಂಡತಿ ಒಣಗಿದ ಬಟ್ಟೆ ತರಲು ಹೋಗುತ್ತಾಳೆ. ಓದು ಅಂದರೆ ಮುಖ ತಿರುಗಿಸುವ ಮಗ ತಾನಾಗಿಯೇ ಹೋಮ್‌ವರ್ಕ್ ತೆಗೆಯುತ್ತಾನೆ. ನನಗೇನೂ ಬೇಜಾರಿಲ್ಲ, ಅವನ ಮಾರ್ಕ್ಸ್ ಜಾಸ್ತಿ ಆಗಿದೆ. ಆದರೆ ಒಂದು ಮಾತು. ನಾನು ಹೇಳುವುದರಲ್ಲಿ ಸುಳ್ಳು ಇರುವುದಿಲ್ಲ. ಗಲಾಟೆ ಆಗುವುದೇ ಅವೆಲ್ಲ ನಿಜ ಆಗಿರುವುದರಿಂದ.

ಬನ್ನೇರುಘಟ್ಟ ರಸ್ತೆ ಕಡೆ ಸ್ನೇಹಿತನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಬೆಳಗಿನ ಜಾವ. ಹಸುವನ್ನು ಲಿಫ್ಟಿನಲ್ಲಿ ಹತ್ತಿಸಲು ಆಗುವುದಿಲ್ಲ ಅಂತ ಗೋಪೂಜೆಯನ್ನು ಪಾರ್ಕಿಂಗಿನಲ್ಲೇ ಮುಗಿಸಿ, ಮೇಲೆ ಬಂದು, ಹೊಸ ಒಲೆ ಮೇಲೆ ಹೊಸ ಪಾತ್ರೆಯಲ್ಲಿ ಹಾಲು ಇಟ್ಟು, ನಿದ್ದೆಗಣ್ಣಲ್ಲೇ ಎಲ್ಲರೂ ಸುತ್ತ ನಿಂತಿದ್ದೆವು. ಹಾಲು ಕಾಯಲು ಹೊತ್ತು ಬೇಕಲ್ವಾ? ಸುಮ್ನೆ ನಿಲ್ಲುವುದು ನನ್ನ ಜಾಯಮಾನವಲ್ಲ. ಪಕ್ಕದಲ್ಲಿದ್ದ ಸ್ನೇಹಿತನ ಅತ್ತಿಗೆಗೆ ಹೇಳಿದೆ. ಹಾಲು ಕಾದಾಗ ಅದರಲ್ಲಿರುವ ಪ್ರೋಟೀನು, ಕೊಬ್ಬು ಸೇರಿ ಮೇಲೆ ಒಂದು ಪದರ ಕಟ್ಟುತ್ತದೆ. ಕೆಳಗಿನ ಆವಿಗೆ ಹೊರಗೆ ಹೋಗಲು ದಾರಿ ಸಿಗದೆ, ನೊರೆಯಾಗಿ ಆ ಪದರವನ್ನೇ ಎತ್ತಿಕೊಂಡು ಮೇಲೆ ಬರುತ್ತದೆ. ನೀರಿಗೆ ಈ ಪದರ ಇಲ್ಲ, ಅದಕ್ಕೇ ನೀರು ಕುದಿಯುತ್ತದೆ ಹೊರತು ಹಾಲಿನ ಹಾಗೆ ಉಕ್ಕುವುದಿಲ್ಲ. ಪಾತ್ರೆ ಮೇಲೆ ಅಡ್ಡಕ್ಕೆ ಒಂದು ಮರದ ಸೌಟು ಇಟ್ಟು ನೋಡಿ, ನೊರೆ ಅದಕ್ಕೆ ತಾಗಿ ಒಡೆಯುತ್ತದೆ, ಸ್ವಲ್ಪ ಹೊತ್ತು ಉಕ್ಕುವುದೇ ಇಲ್ಲ ಅಂದೆ.

ಅತ್ತಿಗೆ ಹೊಸ ಒಲೆಯ ಹೊಳೆಯುವ ಗಾಜನ್ನು ನೋಡಿದರು. ಅದರ ರೇಟು ಅವರಿಗೆ ಗೊತ್ತಿತ್ತು. ನಾನು ಪಂಚಾಮೃತ ತೆಗೆದುಕೊಂಡು ವಾಪಸ್ ಬರುವಷ್ಟರಲ್ಲಿ ಪಾತ್ರೆ ಮೇಲೆ ಸೌಟು ಅಡ್ಡ ಮಲಗಿತ್ತು. ಹಾಲು ಏರಿತು, ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಮುಹೂರ್ತ ಮುಗಿಯುತ್ತಾ ಬಂತು. ಪುರೋಹಿತರು ಮಂತ್ರವನ್ನು ಎಳೆದೂ ಎಳೆದೂ ಸಾಕಾಗಿ ಕಣ್ಣು ಬಿಟ್ಟು, ‘ಯಾರಮ್ಮಾ ಈ ಸೌಟು ಇಟ್ಟಿದ್ದು?’ ಅಂದರು. ಅತ್ತಿಗೆ ಏನೂ ಮಾತಾಡಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು. ಅವರ ಹಿಂದೆಯೇ ಇಡೀ ಮನೆ ನನ್ನ ಕಡೆ ನೋಡಿತು. ಸೌಟು ತೆಗೆದ ತಕ್ಷಣ ಹಾಲು ಎಷ್ಟು ಜೋರಾಗಿ ಉಕ್ಕಿತು ಅಂದರೆ ಒಲೆಯೇ ಆರಿಹೋಯಿತು.

ಕುಕ್ಕರ್ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ನೀರು 100 ಡಿಗ್ರಿ ತನಕ ಕಾಯುವುದೇ ಇಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಸ್ಕೂಲಲ್ಲಿ 100 ಅಂತ ಬರೆದು ಮಾರ್ಕ್ಸ್ ತಗೊಂಡವರೆಲ್ಲ ಮಂಗಳೂರಿನ ಉತ್ತರ ಬರೆದಿದ್ದೇವೆ. ಒಂದು ದಿನ ಬೇಳೆ ಎಷ್ಟು ಕೂಗಿಸಿದರೂ ಬೇಯಲಿಲ್ಲ. ನಾನು ಹೆಂಡತಿಗೆ ಈ 97 ಡಿಗ್ರಿ ಕಥೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ‘ಗ್ಯಾಸ್ಕೆಟ್ ಹೋಗಿದೆ, ತಗೊಂಡು ಬನ್ನಿ’ ಅಂದಳು.

ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನೂ ನಾನು ಸುಮ್ನೆ ಜೇಬಿಗೆ ಹಾಕುವುದಿಲ್ಲ. ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ, ಚಿಕ್ಕ ಗುರುತು ಇರುತ್ತದೆ. ಚುಕ್ಕಿ ಇದ್ದರೆ ನೋಯ್ಡಾದಲ್ಲಿ ಅಚ್ಚಾಗಿದ್ದು, ನಕ್ಷತ್ರ ಇದ್ದರೆ ಹೈದರಾಬಾದು, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಪಕ್ಕದ ಸೀಟಿನವರಿಗೆ ಇದನ್ನು ವಿವರಿಸುವಾಗ ನಮ್ಮಿಬ್ಬರ ಸ್ಟಾಪೂ ದಾಟಿಹೋಯಿತು. ಅವರಿಗೆ ಇಂಟರ್ವ್ಯೂ ಇತ್ತಂತೆ.

ದೊಡ್ಡಪ್ಪನ ಮನೆ ಬಸವನಗುಡಿಯಲ್ಲಿ. ಅಲ್ಲಿ ತಿಥಿ ಊಟಕ್ಕೆ ಕೂತಾಗ ನನಗೊಂದು ಹೊಳೆಯಿತು. ಎಲೆ ಮೇಲೆ ಮೆಣಸಿನಕಾಯಿ ಇಲ್ಲ, ಖಾರಕ್ಕೆ ಕರಿಮೆಣಸು. ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ. ಇವೆಲ್ಲ ಅಮೆರಿಕ ಖಂಡದ ಗಿಡಗಳು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಯುರೋಪಿನವರ ಹಡಗು ಹತ್ತಿ ಈ ಕಡೆ ಬಂದವು. ಅಂದರೆ ತಿಥಿ ಎಲೆ ಮೇಲೆ ಇರುವುದು ಹೆಚ್ಚು ಕಡಿಮೆ ಮೆಣಸಿನಕಾಯಿ ಬರುವ ಮುಂಚಿನ ನಮ್ಮ ಅಡುಗೆ! ವರ್ಷಪೂರ್ತಿ ನಾವು ತಿನ್ನುವುದು ಬೇರೆ ಲೋಕದ ಊಟ. ಮಸಾಲೆ ದೋಸೆಯಿಂದ ಅಮೆರಿಕವನ್ನು ತೆಗೆದರೆ ಉಳಿಯುವುದು ಖಾಲಿ ದೋಸೆ.

ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಎಷ್ಟು ಖುಷಿಯಾಯಿತು ಅಂದರೆ, ಬಡಿಸುವವರನ್ನು ನಿಲ್ಲಿಸಿ ಇನ್ನೊಂದು ಸಲ ಹೇಳಿಸಿದರು. ಗೋಡಂಬಿ? ಬ್ರೆಜಿಲ್ ಕಡೆಯದು. ಪರಂಗಿ, ಸೀಬೆ, ಅನಾನಸ್? ಎಲ್ಲಾ ಅಲ್ಲಿಯವೇ. ಕಡಲೆಕಾಯಿ ದಕ್ಷಿಣ ಅಮೆರಿಕದ್ದು ಅಂದಾಗ ಮಾತ್ರ ಪಂಕ್ತಿಯಲ್ಲಿ ಸ್ವಲ್ಪ ಗುಸುಗುಸು ಆಯಿತು. ಪ್ರತಿ ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಬೀದಿ ಪಕ್ಕದಲ್ಲೇ ಕೂತು ಹಾಗೆಲ್ಲ ಹೇಳಬಾರದು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ದೊಡ್ಡಮ್ಮ ಗೆಣಸಿನ ಪಲ್ಯ ಬಡಿಸಲು ಬಂದರು. ತಿಥಿಯ ದಿನ ಅವರು ಮಾಡುವ ಆ ಪಲ್ಯಕ್ಕೆ ನಮ್ಮ ಮನೆತನದಲ್ಲಿ ದೊಡ್ಡ ಹೆಸರು. ‘ದೊಡ್ಡಮ್ಮಾ, ಗೆಣಸೂ ಅಮೆರಿಕದ್ದೇ’ ಅಂದೆ.

ಪಂಕ್ತಿಯಲ್ಲಿ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಪುರೋಹಿತರನ್ನು ನೋಡಿದರು. ಪುರೋಹಿತರು ಅರ್ಧ ತಿಂದಿದ್ದ ಪಲ್ಯವನ್ನು ನೋಡಿದರು. ‘ಈಗ ತಿಂದ್ಬಿಡ್ರೋ, ಮುಂದಿನ ವರ್ಷ ನೋಡೋಣ’ ಅಂದರು ದೊಡ್ಡಮ್ಮ. ಮುಂದಿನ ವರ್ಷ ಗೆಣಸು ಇರಲಿಲ್ಲ. ಅದರ ಜಾಗದಲ್ಲಿ ಹಾಗಲಕಾಯಿ ಬಂತು. ಈಗ ಹಾಗಲಕಾಯಿ ಬಡಿಸುವಾಗಲೆಲ್ಲ ಸೋದರಸಂಬಂಧಿಗಳು ನನ್ನ ಎಲೆಗೆ ಇನ್ನೂ ಸ್ವಲ್ಪ ಹಾಕಿಸುತ್ತಾರೆ.

ಇನ್ನು ನೆರಳಿನ ವಿಷಯ. ಇದು ನಿಜವಾಗಿಯೂ ಎಲ್ಲರೂ ನೋಡಬೇಕಾದ್ದು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಅದರ ಬುಡದಲ್ಲೇ ಮಾಯ ಆಗುತ್ತದೆ. ಬೇರೆ ದಿನ ಮಧ್ಯಾಹ್ನ ಸೂರ್ಯ ಸ್ವಲ್ಪ ಉತ್ತರಕ್ಕೋ ದಕ್ಷಿಣಕ್ಕೋ ವಾಲಿರುತ್ತಾನೆ. ದೆಹಲಿ ಕರ್ಕಾಟಕ ವೃತ್ತದ ಆಚೆ ಇರುವುದರಿಂದ ಅಲ್ಲಿಯವರಿಗೆ ಈ ಭಾಗ್ಯವೇ ಇಲ್ಲ. ಆಗಸ್ಟಿನಲ್ಲಿ ನಮ್ಮೂರಲ್ಲಿ ಮೋಡ, ನಂಬುವ ಹಾಗಿಲ್ಲ. ಏಪ್ರಿಲ್ಲೇ ವಾಸಿ ಅಂತ, ಹನ್ನೆರಡೂ ಕಾಲಿನ ಹೊತ್ತಿಗೆ ಒಂದು ಸ್ಟೀಲ್ ಲೋಟ ಹಿಡಿದು ಅಪಾರ್ಟ್‌ಮೆಂಟಿನ ತಾರಸಿಗೆ ಹೋದೆ. ಚಪ್ಪಲಿ ಕೆಳಗೇ ಬಿಟ್ಟಿದ್ದೆ. ಹಾಗಾಗಿ ಲೋಟ ನೆಲದ ಮೇಲಿಟ್ಟು ಅದರ ಸುತ್ತ ಕುಣಿಯುವ ಹಾಗಾಯಿತು.

ಆ ಕಡೆ ಮೇಲಿನ ಮನೆಯ ಆಂಟಿ ಸಂಡಿಗೆ ಒಣಹಾಕಿ ಕಾಗೆ ಕಾಯುತ್ತಿದ್ದರು. ಕಾಗೆ ಬಿಟ್ಟು ನನ್ನನ್ನೇ ನೋಡತೊಡಗಿದರು. ಅವರೇ ಫೋನ್ ಮಾಡಿರಬೇಕು, ವಾಚ್‌ಮನ್ ಏದುಸಿರು ಬಿಡುತ್ತಾ ಮೇಲೆ ಬಂದ.

‘ಏನ್ ಹುಡುಕ್ತಿದೀರ ಸಾರ್?’

‘ನೆರಳು.’

ಅವನು ನನ್ನನ್ನು, ಲೋಟವನ್ನು, ನನ್ನ ಕುಣಿತವನ್ನು ಒಂದು ಸಲ ನೋಡಿದ. ಆಮೇಲೆ ತುಂಬಾ ಮೆತ್ತಗೆ, ‘ಅಲ್ಲಿದೆ ಬನ್ನಿ ಸಾರ್, ಟ್ಯಾಂಕ್ ಕೆಳಗೆ’ ಅಂತ ನನ್ನ ಕೈ ಹಿಡಿದುಕೊಂಡ. ಲೋಟಕ್ಕೆ ಒಂದಿಷ್ಟೂ ನೆರಳಿರಲಿಲ್ಲ. ನಾನು ಅದನ್ನು ತೋರಿಸಿದೆ, ಅವನು ನೋಡಲೇ ಇಲ್ಲ. ಅಷ್ಟರಲ್ಲಿ ಕಾಗೆಗಳು ಅರ್ಧ ಸಂಡಿಗೆ ಮುಗಿಸಿದ್ದವು.

ನನ್ನ ಮಾಹಿತಿಯಲ್ಲಿ ಮನೆಯವರು ಬಾಯಿಬಿಟ್ಟು ‘ಒಳ್ಳೇದಾಯ್ತು’ ಅಂದಿದ್ದು ಒಂದನ್ನೇ, ಗ್ಯಾಸಿನದು. ಅಡುಗೆ ಗ್ಯಾಸಿಗೆ ಅದರದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟಾನ್ ಅನ್ನುವ ನಾರುವ ವಸ್ತುವನ್ನು ಸೇರಿಸುತ್ತಾರೆ. ಇದನ್ನು ಹೇಳಿದ್ದು ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬರುತ್ತಿರುವಾಗಲೇ. ಅದಕ್ಕೆ ಸಿಕ್ಕಿದ ಉತ್ತರ: ‘ಮೊದ್ಲು ರೆಗ್ಯುಲೇಟರ್ ಆಫ್ ಮಾಡ್ರೀ!’ ಒಳ್ಳೆಯದಾಗಿದ್ದು ಅದರ ಜೊತೆಗಿನ ಇನ್ನೊಂದು. ಸಿಲಿಂಡರಿನ ಕುತ್ತಿಗೆ ಹತ್ತಿರ, ಮೇಲಿನ ಹಿಡಿಗೆ ಆಧಾರವಾಗಿರುವ ಪಟ್ಟಿಯ ಒಳಗಡೆ, ಎ-27, ಸಿ-28 ಅಂತೆಲ್ಲ ಬರೆದಿರುತ್ತದೆ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದ್ದು ಇಸವಿ. ಆ ಹೊತ್ತಿಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಅವಧಿ ದಾಟಿದ್ದನ್ನು ತಗೊಳ್ಳಬಾರದು.

ಒಂದು ಸಲ ಅಂಥದ್ದೇ ಬಂತು. ನಾನು ಓದಿ ತೋರಿಸಿ ವಾಪಸ್ ಕಳಿಸಿದೆ. ನಮ್ಮದು ಮೂರನೇ ಮಹಡಿ, ಅವತ್ತು ಲಿಫ್ಟ್ ಕೆಟ್ಟಿತ್ತು. ಆಮೇಲಿಂದ ನಾನು ಮನೆಯಲ್ಲಿದ್ದಾಗ ಬಂದ ಪ್ರತಿ ಸಿಲಿಂಡರನ್ನೂ ಬಾಗಿಲಲ್ಲೇ ನಿಲ್ಲಿಸಿ, ಕನ್ನಡಕ ಹುಡುಕಿ, ಬಗ್ಗಿ ಓದಿ, ಎ ಬಿ ಸಿ ಡಿ ಪಾಠವನ್ನು ಮೊದಲಿಂದ ಮಾಡಿ ಒಳಗೆ ಬಿಡುತ್ತೇನೆ. ಈಗ ಸಿಲಿಂಡರ್ ತರುವ ಹುಡುಗ ಹೊರಡುವ ಮುಂಚೆ ನನ್ನ ಹೆಂಡತಿಗೆ ಫೋನ್ ಮಾಡುತ್ತಾನೆ.

‘ಅಕ್ಕಾ, ಸಾರ್ ಮನೇಲಿಲ್ಲ ತಾನೇ?’