ಅಂಗವೈಕಲ್ಯ ಇರುವ ಪ್ರತಿ ಮಗುವಿಗೂ ಶಾಲೆಯಲ್ಲಿ ಪ್ರತ್ಯೇಕ ತುರ್ತು ಯೋಜನೆ ಬೇಕೇ?

ಪರ: ಮೇಲೆ ಉಳಿದವಳಿಗೂ ಹಾಜರಿ

ನನ್ನ ಮಗಳು ವೀಲ್‌ಚೇರಿನಲ್ಲಿ ಓಡಾಡುತ್ತಾಳೆ. ಅವಳ ತರಗತಿ ಎರಡನೇ ಮಹಡಿಯಲ್ಲಿತ್ತು. ಬೆಳಗ್ಗೆ ಲಿಫ್ಟಿನಲ್ಲಿ ಹತ್ತುವುದು, ಸಂಜೆ ಇಳಿಯುವುದು. ಫೈರ್ ಡ್ರಿಲ್ ನಡೆಯುವ ತನಕ ತೊಂದರೆಯೇ ಇರಲಿಲ್ಲ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ಇವಳು ಇಳಿಯುವುದು ಹೇಗೆ? ಯಾರೂ ಯೋಚಿಸಿರಲಿಲ್ಲ.

"ನೀನು ಇಲ್ಲೇ ಇರು ಪುಟ್ಟಿ, ಇದು ಸುಮ್ನೆ ಡ್ರಿಲ್" ಅಂದ ಟೀಚರ್ ಉಳಿದವರನ್ನು ಸಾಲಾಗಿ ಕರೆದುಕೊಂಡು ಹೋದರು. ಇವಳು ಕಿಟಕಿಯಿಂದ ನೋಡುತ್ತಾ ಕೂತಿದ್ದಳು. ಕೆಳಗೆ ಮೈದಾನದಲ್ಲಿ ಹಾಜರಿ ಕರೆದರು. ಇವಳ ಹೆಸರು ಬಂದಾಗ ಗೆಳತಿ ಮೇಲಕ್ಕೆ ಬೆರಳು ತೋರಿಸಿದಳು. ಟೀಚರ್ ತಲೆಯಾಡಿಸಿ ಟಿಕ್ ಹಾಕಿದರು. 4 ನಿಮಿಷದಲ್ಲಿ ಕಟ್ಟಡ ಖಾಲಿ ಅಂತ ವರದಿ ಹೋಯಿತು. ಖಾಲಿ ಆಗಿತ್ತಾ?

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 24ನೇ ವಿಧಿ ಶಿಕ್ಷಣದ್ದು, 11ನೇ ವಿಧಿ ಅಪಾಯದ ಹೊತ್ತಿನ ರಕ್ಷಣೆಯದ್ದು. ಶಾಲೆಗಳು ಮೊದಲನೆಯದನ್ನು ಭಾಷಣದಲ್ಲಿ ಹೇಳುತ್ತವೆ, ಎರಡನೆಯದನ್ನು ಮರೆಯುತ್ತವೆ. ಮಗುವನ್ನು ಒಳಗೆ ಸೇರಿಸಿಕೊಂಡವರು ಹೊರಗೆ ತರುವ ದಾರಿಯನ್ನೂ ಹೇಳಬೇಕು, ಅಲ್ವಾ?

ಎಲ್ಲರಿಗೂ ಒಂದೇ ಯೋಜನೆ ಸಾಕು ಅನ್ನುವವರು ಮಕ್ಕಳನ್ನು ಸರಿಯಾಗಿ ನೋಡಿಯೇ ಇಲ್ಲ. ಕಿವಿ ಕೇಳದ ಮಗುವಿಗೆ ಮಿನುಗುವ ದೀಪ ಬೇಕು. ಮೂರ್ಛೆರೋಗ ಇರುವ ಕೆಲವು ಮಕ್ಕಳಿಗೆ ಮಿನುಗುವ ಬೆಳಕೇ ಆಗಿಬರುವುದಿಲ್ಲ. ಆಟಿಸಂ ಇರುವ ಮಗು ಸೈರನ್ನಿಗೆ ಬೆದರಿ ಮೇಜಿನ ಕೆಳಗೆ ನುಸುಳಿಬಿಡಬಹುದು. ನಾನು ಕೇಳುವುದು ಒಂದು ಪುಟ. ಯಾವ ಮೆಟ್ಟಿಲು, ಇಳಿಸುವ ಕುರ್ಚಿ ಎಲ್ಲಿದೆ, ಔಷಧಿ ಯಾರ ಕೈಲಿ, ಜೊತೆಗೆ ಯಾರು. ಒಬ್ಬರು ರಜೆ ಹಾಕಿದರೆ ಇರಲಿ ಅಂತ ಎರಡು ಹೆಸರು. ಬರೆಯುವ ಮುಂಚೆ ಮಗುವನ್ನೂ ಕೇಳಿ. ನನ್ನ ಮಗಳಿಗೆ ತನ್ನನ್ನು ಹೇಗೆ ಎತ್ತಿದರೆ ಸೊಂಟ ನೋಯುತ್ತದೆ ಅಂತ ಚೆನ್ನಾಗಿ ಗೊತ್ತು. ಆಮೇಲೆ ಅವಳನ್ನು ಕೂರಿಸಿಕೊಂಡೇ ಅಭ್ಯಾಸ ಮಾಡಿ, ಖಾಲಿ ಕುರ್ಚಿ ಇಳಿಸಿ ಫೋಟೋ ತೆಗೆಯಬೇಡಿ.

ವಿರೋಧ: ಕಪಾಟಿನಲ್ಲಿರುವ ಕಾಗದ

ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತಿದ್ದೇನೆ. ಪೂರ್ತಿ ವಿರೋಧ ಅಂತೇನಿಲ್ಲ. ಆದರೆ 30 ವರ್ಷ ಪಾಠ ಮಾಡಿದವನಿಗೆ ಕಾಗದದ ಮೇಲೆ ನಂಬಿಕೆ ಕಡಿಮೆ.

ಇವತ್ತು ಪ್ರತಿ ಮಗುವಿಗೊಂದು ಯೋಜನೆ ಅನ್ನುತ್ತಾರೆ. ನಾಳೆ ಕನ್ನಡಕದವನಿಗೆ ಒಂದು ಫೈಲು, ಶೂ ಲೇಸು ಕಟ್ಟಲು ಬಾರದವನಿಗೆ ಇನ್ನೊಂದು. ಅದರ ಬದಲು ಆ ಮಗುವಿನ ತರಗತಿಯನ್ನೇ ನೆಲಮಹಡಿಗೆ ತನ್ನಿ. ಬಾಗಿಲು ಅಗಲ ಮಾಡಿ, ರ‍್ಯಾಂಪ್ ಹಾಕಿ. ಕಾಲು ಮುರಿದುಕೊಂಡು ಬಂದ ಹುಡುಗನಿಗೂ ಆಯಿತು, ಮಂಡಿ ನೋವಿನ ಮೇಷ್ಟ್ರಿಗೂ ಆಯಿತು. ಇನ್ನು ಮಗುವಿನ ಕಾಯಿಲೆ ಬರೆದ ಹಾಳೆ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ತಿರುಗುವುದನ್ನು ನಾನೇ ಕಂಡಿದ್ದೇನೆ. ಅದೇ ಒಡಂಬಡಿಕೆಯ 22ನೇ ವಿಧಿ ಖಾಸಗಿತನದ್ದು, ಅದನ್ನು ಯಾರೂ ಎತ್ತುವುದಿಲ್ಲ. ಮೂರ್ಛೆ, ಇನ್ಸುಲಿನ್ ವಿಷಯ ಬೇರೆ. ಅದಕ್ಕೆ ಚೀಟಿ ಬೇಕೇ ಬೇಕು, ಒಪ್ಪುತ್ತೇನೆ.

ಒಬ್ಬ ಹುಡುಗನ ಯೋಜನೆಯಲ್ಲಿ ನನ್ನ ಹೆಸರಿತ್ತು. ಅಡುಗೆಮನೆಯ ಹೊಗೆಗೆ ಸೈರನ್ ಕೂಗಿದ ದಿನ ನಾನು ರಜೆ. ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದು ಪಕ್ಕದ ತರಗತಿಯ ಮೇಷ್ಟ್ರು. ಯೋಜನೆಯನ್ನು ಅವರು ಓದೇ ಇರಲಿಲ್ಲ, ಅದಿದ್ದ ಕಪಾಟಿಗೆ ಬೀಗ ಬಿದ್ದಿತ್ತು. ಮರುದಿನ ಹುಡುಗನ ಅಮ್ಮ ಬಂದರು. "ನಿಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರು ಯಾಕಿರಲಿಲ್ಲ ಸರ್?" ಅಂತ ಕೇಳಿದರು. ಆ ವರ್ಷ ನಮ್ಮಲ್ಲಿ ಮೇಷ್ಟ್ರುಗಳೇ ಕಡಿಮೆ ಇದ್ದರು ಅಂದೆ.