ಎಷ್ಟು ಗೆಣ್ಣು ತಿಂದ್ರಿ?

ಬೆಳಿಗ್ಗೆಯಿಂದ ನನ್ನ ನಾಲಿಗೆ ಕೆರೆಯುತ್ತಿದೆ. ಬೆನ್ನು ಕೆರೆದರೆ ಬಾಚಣಿಗೆ ಇದೆ, ಬಾಗಿಲ ಮೂಲೆ ಇದೆ. ನಾಲಿಗೆ ಕೆರೆದರೆ ಏನು ಮಾಡಬೇಕು? ಹಲ್ಲಿಗೆ ಉಜ್ಜಿದೆ. ಚಮಚದಲ್ಲಿ ಉಜ್ಜಿದೆ. ಕೊನೆಗೆ ಒಣ ಚಪಾತಿ ತಗೊಂಡು ಅದಕ್ಕೂ ಉಜ್ಜಿದೆ. ಯಾರೂ ನೋಡಲಿಲ್ಲ, ಸದ್ಯ.

ಇದಕ್ಕೆಲ್ಲ ಮೂಲ ನನ್ನ ಎಡಗಾಲು. ಹದಿನೈದು ದಿನದ ಹಿಂದೆ ಕುವೆಂಪುನಗರದಲ್ಲಿ ತರಕಾರಿ ತರಲು ಹೋದಾಗ ಫುಟ್‌ಪಾತಿನ ಕಲ್ಲೊಂದು ಅಲ್ಲಾಡಿತು, ನಾನು ಬಿದ್ದೆ. ಎಕ್ಸ್‌ರೇ ಆಯಿತು. ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ, ಮೂರು ವಾರ ಓಡಾಟ ಕಡಿಮೆ ಮಾಡಿ ಅಂದರು ಡಾಕ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದ ಮನೆಯಲ್ಲಿ ಮೇಷ್ಟ್ರಿದ್ದಾರಲ್ಲ!

ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಅವರ ಕಾಂಪೌಂಡಿನ ಮೇಲೆ ಮಂಗರವಳ್ಳಿ ಹಬ್ಬಿದೆ. ಸಂದುಬಳ್ಳಿ ಅಂತಲೂ ಅನ್ನುತ್ತಾರೆ. ನೋಡಿದರೆ ಗಿಡ ಅನ್ನಿಸುವುದೇ ಇಲ್ಲ. ಹಸಿರು ಪೈಪನ್ನು ನಾಲ್ಕು ಮೂಲೆ ಬರುವ ಹಾಗೆ ಒತ್ತಿ, ನಾಲ್ಕು ಬೆರಳಿಗೊಂದು ಗಂಟು ಹಾಕಿದಂತಿದೆ. ಎಲೆ ಅಲ್ಲೊಂದು ಇಲ್ಲೊಂದು, ಸುಮ್ನೆ ಲೆಕ್ಕಕ್ಕೆ. ದ್ರಾಕ್ಷಿಯ ವಂಶವಂತೆ ಇದು. ದ್ರಾಕ್ಷಿ ಮನೆಯವರು ಈ ನೆಂಟಸ್ತಿಕೆಯನ್ನು ಹೊರಗೆ ಹೇಳಿಕೊಳ್ಳಲಾರರು.

ಮೇಷ್ಟ್ರ ಗೇಟಿನ ಮುಂದೆ ಯಾರೇ ಹೋದರೂ ಒಂದು ಕವರ್ ಮಂಗರವಳ್ಳಿ ಗ್ಯಾರಂಟಿ. ಹಾಲಿನವನಿಗೆ ಮಂಡಿನೋವು, ಕೊಟ್ಟರು. ಕೊರಿಯರ್ ಹುಡುಗನಿಗೆ ಹಸಿವಿಲ್ಲ, ಕೊಟ್ಟರು. ಮೀಟರ್ ಓದಲು ಬಂದವನಿಗೆ ಏನೂ ಆಗಿರಲಿಲ್ಲ. ಮುಂದೆ ಆಗಬಹುದು ಅಂತ ಅವನಿಗೂ ಕೊಟ್ಟರು. ಕೊಡುವುದೂ ಲೆಕ್ಕ ಹಾಕಿ. ನನಗೆ ಇಪ್ಪತ್ತು ಗೆಣ್ಣು.

ಮರುದಿನ ಏಳು ಗಂಟೆಗೆ ಕಾಂಪೌಂಡಿನ ಮೇಲೆ ಅವರ ತಲೆ ಕಾಣಿಸಿತು.

"ಏನಮ್ಮಾ, ಎಷ್ಟು ಗೆಣ್ಣು ತಿಂದ್ರಿ?"

"ಎರಡು," ಅಂದೆ. ಒಂದೂ ತಿಂದಿರಲಿಲ್ಲ. ಮಾರನೇ ದಿನವೂ ಎರಡು ಅಂದೆ. ಐದನೇ ದಿನ ಅವರು ಹೇಳಿದರು, "ಹಾಗಾದ್ರೆ ಹತ್ತು ಉಳಿದಿರಬೇಕು. ತೋರ್ಸಿ ನೋಡೋಣ, ಬಾಡಿದೆಯೋ ಏನೋ."

ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ ಒಳಗೆ ಓಡಿದೆ. ಕುಂಟುವ ಕಾಲಲ್ಲಿ ಎಷ್ಟು ಓಡಬಹುದೋ ಅಷ್ಟು. ಫ್ರಿಜ್ಜಿನಲ್ಲಿದ್ದ ಇಪ್ಪತ್ತರಲ್ಲಿ ಹತ್ತನ್ನು ಹಸಿ ಕಸಕ್ಕೆ ಹಾಕಿ, ಉಳಿದ ಹತ್ತು ತಂದು ತೋರಿಸಿದೆ. ಲೆಕ್ಕ ಸರಿಹೋಯಿತು. ಮರುದಿನ ಕಸದ ಗಾಡಿ ಬಂತು. ನಮ್ಮ ಬಕೆಟ್ ಸುರಿಯುವ ಹೊತ್ತಿಗೆ ಸರಿಯಾಗಿ ಮೇಷ್ಟ್ರೂ ತಮ್ಮ ಬಕೆಟ್ ಹಿಡಿದು ನಿಂತಿದ್ದರು. ಹತ್ತು ಗೆಣ್ಣು ಅವರ ಕಣ್ಣೆದುರೇ ಉರುಳಿದವು. ಒಂದು ಮಾತೂ ಆಡಲಿಲ್ಲ. ಸಂಜೆ ಮತ್ತೆ ಇಪ್ಪತ್ತು ಬಂತು.

ಜೊತೆಗೆ ಪಾಠವೂ ಬಂತು. ಸಂಸ್ಕೃತದಲ್ಲಿ ಇದು ಅಸ್ಥಿಸಂಹಾರ. ಮೂಳೆಯನ್ನು ಸಂಹಾರ ಮಾಡುತ್ತದೇನೋ ಅಂತ ನಾನು ಹೆದರಿದೆ. ಅಲ್ಲವಂತೆ, ಸಂಹಾರ ಅಂದರೆ ಒಟ್ಟುಗೂಡಿಸುವುದು ಅಂತಲೂ ಅರ್ಥವಂತೆ. ಹಿಂದಿಯಲ್ಲಿ ಹಡ್‌ಜೋಡ್, ತಮಿಳಿನಲ್ಲಿ ಪಿರಂಡೈ, ತೆಲುಗಿನಲ್ಲಿ ನಲ್ಲೇರು. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಕೆ.ಎನ್. ಉಡುಪ ಮತ್ತು ಜಿ.ಸಿ. ಪ್ರಸಾದ್ ಇಲಿಗಳ ಮುರಿದ ಮೂಳೆಯ ಮೇಲೆ ಇದನ್ನು ಪರೀಕ್ಷಿಸಿ 1964ರಲ್ಲಿ ಬರೆದೂ ಇದ್ದಾರೆ. ಬೇಗ ಕೂಡಿತಂತೆ. ನನ್ನದು ಮುರಿದಿಲ್ಲ ಮೇಷ್ಟ್ರೇ, ಉಳುಕಿದೆ ಅಂದೆ. "ಇಲಿಗೆ ಆಗುತ್ತೆ, ನಿಮಗೆ ಆಗಲ್ವಾ?" ಅಂದರು. ಇದಕ್ಕೆ ಏನು ಹೇಳುವುದು?

ಇಷ್ಟೆಲ್ಲ ಹೇಳಿದ ಮನುಷ್ಯ ಹುಣಸೆಹಣ್ಣು ಅನ್ನುವ ಒಂದೇ ಒಂದು ಮಾತು ಹೇಳಲಿಲ್ಲ. ನನ್ನ ಹೊಟ್ಟೆಯುರಿ ಇರುವುದು ಅಲ್ಲೇ.

ಇವತ್ತು ಬೆಳಿಗ್ಗೆ ಮನಸ್ಸು ಮಾಡಿದೆ. ನಾಲ್ಕು ಗೆಣ್ಣು ಹೆಚ್ಚಿ, ಕಾಯಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಹಸಿಹಸಿಯಾಗೇ ಮಿಕ್ಸಿಗೆ ಹಾಕಿದೆ. ಹುಣಸೆಹಣ್ಣಿನ ಡಬ್ಬ ಅಟ್ಟದ ಮೇಲಿತ್ತು. ಕಾಲು ನೋವಿಟ್ಟುಕೊಂಡು ಸ್ಟೂಲ್ ಹತ್ತುವವರು ಯಾರು? ಕಾಯಿಚಟ್ನಿಗೆ ಹುಣಸೆ ಹಾಕದಿದ್ದರೆ ಏನು ಮುಳುಗಿಹೋಗುತ್ತೆ ಅಂದುಕೊಂಡೆ. ಹೆಚ್ಚಿದ ಕೈ ಆಗಲೇ ನವೆಯುತ್ತಿತ್ತು. ಅದಾದರೂ ಬುದ್ಧಿ ಹೇಳಬೇಕಿತ್ತು. ಎರಡನೇ ಇಡ್ಲಿಗೆ ನಾಲಿಗೆಗೆ ಸೂಜಿ ಚುಚ್ಚಿದ ಹಾಗಾಯಿತು. ಹಾಗಾಯಿತೇನು, ಚುಚ್ಚಿದ್ದೇ ನಿಜ. ಕೆಸುವಿನ ಎಲೆ, ಸುವರ್ಣಗಡ್ಡೆಯಲ್ಲಿ ಇರುವಂತೆ ಇದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸಣ್ಣ ಸಣ್ಣ ಹರಳುಗಳಿವೆ.

ಮಂಡ್ಯದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ನನ್ನ ತೊದಲು ಅವಳಿಗೆ ಅರ್ಧದಲ್ಲೇ ಗೊತ್ತಾಯಿತು. "ಹುಣಸೆಹಣ್ಣು ಹಾಕ್ದೇನೇ ತಿಂದ್ಯಾ? ನಿಂಗೇನ್ ಬಂದಿತ್ತು ದೊಡ್‌ರೋಗ?" ಎಳೆ ಗೆಣ್ಣು ಮಾತ್ರ ತಗೋಬೇಕು, ಕೈಗೆ ಎಣ್ಣೆ ಸವರಿಕೋಬೇಕು, ಅಂಚಿನ ನಾರು ತೆಗೀಬೇಕು, ಬಣ್ಣ ತಿರುಗೋವರೆಗೂ ಎಣ್ಣೇಲಿ ಹುರೀಬೇಕು, ಹುಣಸೆಹಣ್ಣು ಜಾಸ್ತಿ ಹಾಕ್ಬೇಕು. "ನಿಮ್ಮಜ್ಜಿ ಮಾಡೋದು ನೋಡಿಲ್ವಾ ನೀನು?"

ನೋಡಿದ್ದೆ. ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಹಿತ್ತಲ ಕಳ್ಳಿಬೇಲಿ ತುಂಬ ಇದೇ ಬಳ್ಳಿ. ಕರುವಿನ ಕಾಲು ಮುರಿದಾಗ ಅಜ್ಜಿ ಇದನ್ನೇ ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದಳು. ಬೇಸಿಗೆಯಲ್ಲಿ ಉದ್ದಿನ ಹಪ್ಪಳದ ಹಿಟ್ಟಿಗೆ ಇದರ ರಸ ಹಾಕುತ್ತಿದ್ದಳು, ಹಪ್ಪಳ ಚೆನ್ನಾಗಿ ಅರಳಲಿ ಅಂತ. ಎಣ್ಣೆ ಸವರಿದ ಅವಳ ಕೈ ಬಿಸಿಲಿಗೆ ಹೊಳೆಯುತ್ತಿದ್ದದ್ದು ನೆನಪಿದೆ. ಹಪ್ಪಳದ ಹಿಟ್ಟಿಗೆ ಅಂದುಕೊಂಡಿದ್ದೆ ಆ ಎಣ್ಣೆ. ಕೇಳಬೇಕು ಅಂತ ಅನ್ನಿಸಿರಲಿಲ್ಲ, ಹಿಟ್ಟು ಕದಿಯುವುದರಲ್ಲೇ ಇದ್ದೆ. ಈಗ ಅಲ್ಲಿ ಬೇಲಿ ಇಲ್ಲ. ಕಲ್ಲುಕಂಬ, ಮುಳ್ಳುತಂತಿ.

ಕೊನೆಗೂ ಸ್ಟೂಲ್ ಹತ್ತಿದೆ. ನಿಂಬೆ ಗಾತ್ರದ ಹುಣಸೆಹಣ್ಣು ಬಾಯಿಗೆ ಹಾಕಿಕೊಂಡೆ. ಸ್ವಲ್ಪ ಹಾಯ್ ಅನ್ನಿಸುವಷ್ಟರಲ್ಲಿ ಗ್ಯಾಸಿನ ಹುಡುಗ ಬಂದ.

"ಓಟಿಪಿ ಹೇಳಿ ಮೇಡಂ."

ಓಟಿಪಿ ಬರುವುದು ಇವರ ಫೋನಿಗೆ. ಆಫೀಸಿನಿಂದ ಫೋನ್ ಮಾಡಿ ಹೇಳಿದ್ದರು, ಏಳು ಎಂಟು ಏಳು ಎರಡು. ಈಗ ನನ್ನ ಬಾಯಲ್ಲಿ ಳ ಇಲ್ಲ, ಟ ಇಲ್ಲ, ಡ ಇಲ್ಲ.

"ಏಯು ಎಂಥು ಏಯು ಎಯ್ದು."

"ಕೊನೇದು ಎರಡಾ, ಐದಾ?"

"ಎಯ್ದು!"

ಐದು ಒತ್ತಿದ. ತಪ್ಪು ಅಂತ ಬಂತು. ಬೆರಳು ತೋರಿಸೋಣ ಅಂತ ಕೈ ಎತ್ತಿದೆ. ಕೈ ನವೆ, ತೋರಿಸುತ್ತಲೇ ಕೆರೆದುಕೊಂಡೆ. ಅವನು ಕೆರೆಯುವ ಬೆರಳನ್ನೂ ಸೇರಿಸಿ ಎಣಿಸಿದ. ಮತ್ತೆ ತಪ್ಪು. ಬಾಯಿಯ ಕೊನೆಯಿಂದ ಹುಣಸೆ ರಸ ಇಳಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಮೆಲ್ಲಗೆ, "ಸಾರ್ ಇಲ್ವಾ ಮನೇಲಿ?" ಅಂದ. ಬೆಳಿಗ್ಗೆ ಹತ್ತಕ್ಕೇ ಇಷ್ಟೊಂದು ಕುಡಿದ ಹೆಂಗಸನ್ನು ಅವನು ನೋಡಿರಲಿಲ್ಲವೇನೋ. ಪೆನ್ನು ಹೊಳೆದದ್ದೂ ಅವನಿಗೇ. ರಸೀದಿ ಹಿಂದೆ ಬರೆದುಕೊಟ್ಟೆ.

ಅವನು ಇಳಿದುಹೋದದ್ದು ಸೀದಾ ಮೇಷ್ಟ್ರ ಮನೆಗೆ. ಕಾಂಪೌಂಡಿನ ಆಚೆ ಅವರ ಹೆಂಡತಿ ನಿಂತಿದ್ದರು. ನನ್ನ ಮುಖ ನೋಡಿ ಅವರಿಗೆ ತಿಳಿದುಹೋಯಿತು.

"ತಿಂದ್ಯಾ? ಅಯ್ಯೋ, ಇವರೇ ಮುಟ್ಟಲ್ಲ ಕಣಮ್ಮ. ಒಂದ್ಸಲ ಗಂಟಲು ಕೆರೀತು ಅಂತ ಬಿಟ್ಟೋರು, ಅಲ್ಲಿಂದ ಬರೀ ಹಂಚೋದೇ."

ಅಷ್ಟರಲ್ಲಿ ಗೇಟಿನ ಹತ್ತಿರ ಮೇಷ್ಟ್ರು ಗ್ಯಾಸಿನ ಹುಡುಗನ ಭುಜ ಒತ್ತಿ ನೋಡುತ್ತಿದ್ದರು. ಸಿಲಿಂಡರ್ ಹೊತ್ತ ಭುಜ, ನೋವಿಲ್ಲದೆ ಇರುತ್ತದೆಯೇ? ಕವರ್ ಕೈ ಬದಲಾಯಿತು. ತಡೆಯಲಾಗದೆ ಕೂಗಿದೆ, "ಹುಯ್‌ಸೆಹಣ್ಣೂ!"

ಹುಡುಗ ಗಾಬರಿಯಾಗಿ ತಿರುಗಿದ. "ಏನಂತಾರೆ ಸಾರ್ ಅವರು?"

"ಹುಷಾರಾದೆ ಅಂತಾರೆ," ಅಂದರು ಮೇಷ್ಟ್ರು. "ದಿನಕ್ಕೆ ಎರಡು ಗೆಣ್ಣು ತಿನ್ನು."